ಕಿವಿಯಲ್ಲೊಂದು ದನಿ, ಕಣ್ಣೆದುರು ಪಟ್ಟಣ: ಆಡಿಯೊ ಮಾರ್ಗದರ್ಶಿಯೊಂದಿಗೆ ಶ್ರೀರಂಗಪಟ್ಟಣ ನೋಡುವ ಬಗೆ

ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಸ್ಥಾನದಲ್ಲಿ ದರ್ಶನ ಮುಗಿಸಿ ಹೊರಗೆ ಬಂದವರು ಸಾಮಾನ್ಯವಾಗಿ ಅಂಗಡಿ ಸಾಲಿನ ಕಡೆಗೋ ವಾಹನ ನಿಲ್ಲಿಸಿದ ಕಡೆಗೋ ನಡೆದುಬಿಡುತ್ತಾರೆ. ಅಲ್ಲಿಗೆ ಹತ್ತಿರದಲ್ಲೇ, ನೆಲಮಟ್ಟಕ್ಕೆ ಉಳಿದ ಒಂದಿಷ್ಟು ಅಡಿಪಾಯ ಮತ್ತು ಸುತ್ತಲಿನ ಹುಲ್ಲಿನಿಂದಷ್ಟೇ ಗುರುತು ಸಿಗುವ ಒಂದು ಬಯಲಿದೆ. ಟಿಪ್ಪು ಸುಲ್ತಾನ್ ವಾಸವಾಗಿದ್ದ ಲಾಲ್ ಮಹಲ್ ಅರಮನೆ ನಿಂತಿದ್ದ ಜಾಗ ಅದು. ನೋಡಲು ಅಲ್ಲಿ ಹೆಚ್ಚೇನೂ ಇಲ್ಲ ಎನ್ನುವುದು ನಿಜ. ಆದರೆ ಆ ಬಯಲಿನ ಅಂಚಿನಲ್ಲಿ ನಿಂತವರ ಕಿವಿಯಲ್ಲಿ ಒಂದು ದನಿ, ಟಿಪ್ಪುವಿನ ಪತನದ ನಂತರ ಈ ಅರಮನೆಯನ್ನು ಕೆಡವಲಾಯಿತು, ಈ ಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯ ತೇಗದ ತೊಲೆಗಳು ಬೆಟ್ಟ ಹತ್ತಿ ಊಟಿಗೆ ಹೋಗಿ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಕಟ್ಟಡಕ್ಕೆ ಬಳಕೆಯಾದವು ಎಂದು ಹೇಳಿದರೆ ಅದೇ ಬಯಲು ಬೇರೆಯಾಗಿ ಕಾಣತೊಡಗುತ್ತದೆ. ಕಣ್ಣು ಆಗ ಕಲ್ಲುಗಳ ನಡುವಿನ ಅಂತರವನ್ನು ಅಳೆಯುತ್ತದೆ, ಗೋಡೆ ಎಲ್ಲಿ ತಿರುಗಿತ್ತು ಎಂದು ಹುಡುಕುತ್ತದೆ.

ಆಡಿಯೊ ಮಾರ್ಗದರ್ಶಿ ಮಾಡುವ ಕೆಲಸ ಮುಖ್ಯವಾಗಿ ಇಷ್ಟೇ. ಮಾಹಿತಿ ಕೊಡುವುದು ಅದರ ಎರಡನೆಯ ಕೆಲಸ. ಕೇಳುವವರ ನೋಟವನ್ನು ಸರಿಯಾದ ಕಡೆಗೆ ತಿರುಗಿಸಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವುದು ಮೊದಲನೆಯದು. ಮೈಸೂರಿನಲ್ಲಿದ್ದುಕೊಂಡು ಹದಿನೈದು ಕಿಲೋಮೀಟರ್ ದೂರದ ಪಟ್ಟಣಕ್ಕೆ ಹಲವು ಬಾರಿ ಹೋಗಿ, ಇಂಥ ಮಾರ್ಗದರ್ಶಿಗಳನ್ನು ಕೇಳಿ, ನನ್ನ ಮನೆಯವರಿಗಾಗಿ ಒಂದೆರಡನ್ನು ಫೋನಿನಲ್ಲೇ ಮುದ್ರಿಸಿಕೊಂಡು ನಡೆದ ಅನುಭವದಿಂದ, ಇವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ, ಕೇಳುವವರು ಏನನ್ನು ತಿಳಿದಿದ್ದರೆ ಅನುಕೂಲ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಧ್ವನಿಮುದ್ರಿಕೆಯ ಮೂಲಕ ಪ್ರದರ್ಶನವೊಂದನ್ನು ವಿವರಿಸುವ ಪದ್ಧತಿ 1952ರಷ್ಟು ಹಿಂದೆಯೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿತ್ತು. ಅಲ್ಲಿ ಕಟ್ಟಡದೊಳಗೆ ಕಿರುತರಂಗದ ಪ್ರಸಾರ ನಡೆಯುತ್ತಿತ್ತು, ಸಂದರ್ಶಕರು ಪುಟ್ಟ ರೇಡಿಯೊ ಹಿಡಿದು ಅದನ್ನು ಕೇಳುತ್ತಿದ್ದರು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಮಾತು ಕೇಳುತ್ತಿದ್ದುದರಿಂದ ಎಲ್ಲರೂ ಒಟ್ಟಿಗೇ ಮುಂದೆ ಸಾಗಬೇಕಾಗಿತ್ತು. ಈಗ ಆ ಕಟ್ಟು ಇಲ್ಲ. ಇಂದು ನಮಗೆ ಸಿಗುವ ಬಗೆಗಳನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಮೈಸೂರು ಅರಮನೆಯಂಥ ಕಡೆ ಕೈಗೆ ಕೊಡುವ ಸಾಧನದಲ್ಲಿ ಎದುರಿನ ಸಂಖ್ಯೆಯನ್ನು ಒತ್ತಿ ಕೇಳುವುದು, ಫಲಕದ ಮೇಲಿನ ಕ್ಯೂಆರ್ ಕೋಡನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದು ಕೇಳುವುದು, ಮೊದಲೇ ಇಳಿಸಿಕೊಂಡ ಧ್ವನಿ ಕಡತಗಳನ್ನು ಒಂದಾದ ಮೇಲೊಂದರಂತೆ ನಾವೇ ಹಾಕಿಕೊಳ್ಳುವುದು, ಕೊನೆಯದಾಗಿ, ನಾವು ಒಂದು ಜಾಗವನ್ನು ತಲುಪಿದ ಕೂಡಲೇ ಫೋನು ತಾನಾಗಿಯೇ ಮಾತನಾಡತೊಡಗುವುದು. ಈ ಕೊನೆಯದೇ ಹೊರಬಯಲಿನ ಸ್ಮಾರಕಗಳಿಗೆ ಹೆಚ್ಚು ಒಗ್ಗುವುದು, ಹೆಚ್ಚು ಜನ ತಪ್ಪಾಗಿ ತಿಳಿದಿರುವುದೂ ಇದನ್ನೇ.

ಅದರ ಹಿಂದಿರುವುದು ಜಿಪಿಎಸ್. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಾವೆಲ್ಲಿದ್ದೇವೆ, ಈಗ ಸಮಯ ಎಷ್ಟು ಎಂಬುದನ್ನು ಸದಾ ಸಾರುತ್ತಿರುತ್ತವೆ. ಮಿಂಚು ಕಂಡ ಮೇಲೆ ಗುಡುಗು ಕೇಳಿಸುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿದ್ದಿರಬಹುದು ಎಂದು ನಾವು ಅಂದಾಜು ಮಾಡುತ್ತೇವಲ್ಲ, ಫೋನು ಮಾಡುವ ಲೆಕ್ಕವೂ ಅದೇ ಜಾತಿಯದು. ಸಂಕೇತ ತಲುಪಲು ಹಿಡಿದ ಹೊತ್ತಿನಿಂದ ಅದು ಉಪಗ್ರಹದ ದೂರವನ್ನು ತಿಳಿಯುತ್ತದೆ, ಹಾಗೆ ಕನಿಷ್ಠ 4 ಉಪಗ್ರಹಗಳ ದೂರ ಸಿಕ್ಕಿದರೆ ತಾನು ನಿಂತ ಜಾಗವನ್ನು ಗೊತ್ತುಮಾಡಿಕೊಳ್ಳುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ. ಫೋನು ಇಲ್ಲಿ ರೇಡಿಯೊದ ಹಾಗೆ ಬರೀ ಕೇಳಿಸಿಕೊಳ್ಳುತ್ತದೆ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಇಂಟರ್‌ನೆಟ್ ಬೇಕಾಗುವುದು ನಕ್ಷೆಯ ಚಿತ್ರ ಮತ್ತು ಧ್ವನಿ ಕಡತಗಳನ್ನು ತರಿಸಿಕೊಳ್ಳಲು ಮಾತ್ರ. ಅವನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದ ಕೋಟೆಯ ಮೂಲೆಯಲ್ಲಿಯೂ ಮಾರ್ಗದರ್ಶಿ ನಡೆಯುತ್ತದೆ. ಸಂಪರ್ಕವಿಲ್ಲದಿದ್ದಾಗ ಮೊದಲ ಸಲ ಜಾಗ ಗುರುತಿಸಲು ಫೋನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ರೈಲಿನಿಂದ ಇಳಿದ ಮೇಲೆ ಒಂದೆರಡು ನಿಮಿಷ ತೆರೆದ ಆಕಾಶದ ಕೆಳಗೆ ನಿಂತು, ನಕ್ಷೆಯ ಮೇಲಿನ ನೀಲಿ ಚುಕ್ಕೆ ಒಂದು ಕಡೆ ನೆಲೆಯಾದ ಮೇಲೆ ಹೊರಡುವುದು ಒಳ್ಳೆಯದು.

ಮಾರ್ಗದರ್ಶಿಯನ್ನು ಸಿದ್ಧಪಡಿಸುವವರು ಪ್ರತಿ ತಾಣದ ಸುತ್ತ ನಕ್ಷೆಯ ಮೇಲೆ ಕಣ್ಣಿಗೆ ಕಾಣದ ಒಂದು ವೃತ್ತವನ್ನು ಎಳೆದಿರುತ್ತಾರೆ. ನಮ್ಮ ಚುಕ್ಕೆ ಆ ವೃತ್ತದೊಳಗೆ ಬಂದ ಕ್ಷಣ ಆ ತಾಣದ ಕಡತ ಶುರುವಾಗುತ್ತದೆ. ವೃತ್ತದ ಅಳತೆಯಲ್ಲಿಯೇ ಅರ್ಧ ಜಾಣ್ಮೆ ಅಡಗಿದೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನು 5 ಮೀಟರ್ ಆಸುಪಾಸಿನ ನಿಖರತೆಯಲ್ಲಿ ಜಾಗ ತೋರಿಸುತ್ತದೆ. ಎತ್ತರದ ಗೋಡೆಯ ಪಕ್ಕದಲ್ಲಿ, ದಟ್ಟ ಮರದ ಕೆಳಗೆ ಸಂಕೇತಗಳು ಬಡಿದು ಹಿಂತಿರುಗಿ ಬರುವುದರಿಂದ ಆ ತಪ್ಪು ಇನ್ನೂ ಹೆಚ್ಚುತ್ತದೆ. ವೃತ್ತ ತೀರ ಚಿಕ್ಕದಾದರೆ ಸ್ಮಾರಕದ ಮುಂದೆಯೇ ನಿಂತಿದ್ದರೂ ಫೋನು ಸುಮ್ಮನಿರುತ್ತದೆ. ತೀರ ದೊಡ್ಡದಾದರೆ ಇನ್ನೂ ರಸ್ತೆ ದಾಟುತ್ತಿರುವಾಗಲೇ, ಕಾಣದ ವಸ್ತುವಿನ ಬಗ್ಗೆ ವಿವರಣೆ ಆರಂಭವಾಗಿಬಿಡುತ್ತದೆ.

ಈ ತೊಡಕನ್ನು ನಾನು ಮೊದಲು ಅರ್ಥ ಮಾಡಿಕೊಂಡಿದ್ದು ಕರ್ನಲ್ ಬೈಲಿಯ ಹೆಸರಿನಲ್ಲಿ ಕರೆಯುವ ಬಂದೀಖಾನೆಯಲ್ಲಿ. ದೇವಸ್ಥಾನದ ಉತ್ತರಕ್ಕೆ, ಕಾವೇರಿಯ ಕಡೆಯ ಕೋಟೆ ಗೋಡೆಗೆ ಸೇರಿದಂತಿರುವ ಅದು ನೆಲಮಟ್ಟಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದು ಕಮಾನಿನ ಚಾವಣಿಯ ಕೆಳಗೆ ಬಂದರೆ ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿಕೊಂಡಿವೆ, ಅವುಗಳಲ್ಲಿ ರಂಧ್ರಗಳಿವೆ. ಕೈದಿಗಳ ಕೈಗೆ ಹಾಕಿದ ಸರಪಳಿಯನ್ನು ಅಲ್ಲಿ ಬಿಗಿಯುತ್ತಿದ್ದರು. ನಡುವೆ ನೆಲದ ಮೇಲೆ ಒಂದು ಫಿರಂಗಿ ಬಿದ್ದಿದೆ. ಚಾವಣಿಯನ್ನು ಒಡೆದುಕೊಂಡು ಮೇಲಿನಿಂದ ಬಿದ್ದದ್ದೆಂದು ಅದರ ಬಗ್ಗೆ ಹೇಳುತ್ತಾರೆ. ನಾನು ಬಳಸುತ್ತಿದ್ದ ಮಾರ್ಗದರ್ಶಿ ಅಲ್ಲಿ ಕೆಳಗಿದ್ದಷ್ಟು ಹೊತ್ತೂ ಮೌನವಾಗಿತ್ತು. ಎಲ್ಲವನ್ನೂ ನೋಡಿ ಮೇಲೆ ಹತ್ತಿ ಬಿಸಿಲಿಗೆ ಬಂದ ಮೇಲೆ, ಈಗ ನಿಧಾನವಾಗಿ ಮೆಟ್ಟಿಲಿಳಿಯಿರಿ ಎಂದು ಅದು ಹೇಳಿತು. ಇಟ್ಟಿಗೆ ಗಾರೆಯ ದಪ್ಪ ಚಾವಣಿಯ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಬರುವುದಿಲ್ಲವೆಂಬುದನ್ನು ಅದನ್ನು ಮಾಡಿದವರು ಗಮನಿಸಿರಲಿಲ್ಲ. ಇಂಥ ತಾಣದಲ್ಲಿ ಕಡತ ಮೆಟ್ಟಿಲ ಮೇಲ್ತುದಿಯಲ್ಲೇ ಶುರುವಾಗಬೇಕು, ಒಳಗೆ ನೋಡಬೇಕಾದ್ದನ್ನು ಅಲ್ಲೇ ಹೇಳಿ ಮುಗಿಸಿ, ಒಳಗೆ ಕೇಳುಗರನ್ನು ಅವರ ಪಾಡಿಗೆ ಬಿಡಬೇಕು. ಹಾಗೆ ಮಾಡಿದಾಗ ಆ ಕತ್ತಲಿನಲ್ಲಿ ಚಪ್ಪಡಿಯ ರಂಧ್ರಕ್ಕೂ ನಮ್ಮ ಮುಂಗೈಯ ಎತ್ತರಕ್ಕೂ ಇರುವ ಸಂಬಂಧ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ನಾವೆಲ್ಲಿ ನಿಂತಿದ್ದೇವೆಂಬುದು ಜಿಪಿಎಸ್‌ಗೆ ಗೊತ್ತು, ಯಾವ ಕಡೆ ಮುಖ ಮಾಡಿದ್ದೇವೆಂಬುದು ಗೊತ್ತಿಲ್ಲ. ಹಾಗಾಗಿ ‘ನಿಮ್ಮ ಬಲಗಡೆ ನೋಡಿ’ ಎಂಬ ಸರಳ ಮಾತೇ ದಾರಿ ತಪ್ಪಿಸಬಲ್ಲದು. ಮೊದಲು ನಿಲ್ಲುವ ಬಗೆಯನ್ನು ಹೇಳಿ ಆಮೇಲೆ ನೋಡುವುದನ್ನು ಹೇಳಬೇಕು. ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ಇದಕ್ಕೆ ಒಂದು ಸಹಜ ಅನುಕೂಲವಿದೆ: ‘ಹೊಳೆಗೆ ಬೆನ್ನು ಮಾಡಿ ನಿಲ್ಲಿ’, ‘ಹೊಳೆ ಎಡಗಡೆ ಇರುವಂತೆ ನಡೆಯಿರಿ’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ. ಕೋಟೆಯೊಳಗೆ ದೇವಸ್ಥಾನದ ಗೋಪುರ, ಪೂರ್ವದ ಕಡೆಗೆ ಜುಮ್ಮಾ ಮಸೀದಿಯ ಎರಡು ಮಿನಾರುಗಳು ದೂರದಿಂದಲೇ ಗುರುತು ಹಿಡಿಯಲು ನೆರವಾಗುತ್ತವೆ.

ನಕ್ಷೆಯ ಮೇಲಿನ ಬಿಂದುಗಳನ್ನು ಒಮ್ಮೆ ಗುರುತಿಸಿಬಿಟ್ಟರೆ ಮುಗಿಯಿತು ಎಂದುಕೊಳ್ಳುವಂತಿಲ್ಲ ಎಂಬುದಕ್ಕೆ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ಬೇರೆಲ್ಲೂ ಸಿಗಲಾರದು. ಇಲ್ಲಿ ಒಂದು ಸ್ಮಾರಕವೇ ಜಾಗ ಬದಲಿಸಿದೆ. ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಜೋಡಿಹಳಿ ಮಾಡುವ ಕೆಲಸಕ್ಕೆ ಟಿಪ್ಪು ಕಾಲದ ಒಂದು ಮದ್ದಿನಮನೆ, ಅಂದರೆ ಸಿಡಿಮದ್ದು ಇಡುವ ಕಟ್ಟಡ, ಅಡ್ಡವಾಗಿತ್ತು. ಅದನ್ನು ಕೆಡವದೆ, 2017ರಲ್ಲಿ ಅಡಿಪಾಯದಿಂದ ಬಿಡಿಸಿ, ಜಾಕ್‌ಗಳ ಮೇಲೆ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಹೊಸ ಜಾಗದಲ್ಲಿ ಕೂರಿಸಲಾಯಿತು. ಇಟ್ಟಿಗೆ ಗಾರೆಯ ಅಷ್ಟು ಹಳೆಯ, ಅಷ್ಟು ಭಾರದ ಕಟ್ಟಡ ಹಾಗೆ ಪಯಣ ಮಾಡಿದ್ದು ನಮ್ಮ ಸೀಮೆಯ ಪರಂಪರೆ ಸಂರಕ್ಷಣೆಯಲ್ಲಿ ದೊಡ್ಡ ಸಂಗತಿ. ಆದರೆ 2017ಕ್ಕೆ ಮುಂಚೆ ಮಾಡಿದ ನಕ್ಷೆ, ಪುಸ್ತಕ, ಧ್ವನಿ ಮಾರ್ಗದರ್ಶಿಗಳನ್ನು ನಂಬಿ ಹೋದವರಿಗೆ ಅಲ್ಲಿ ಕಾಣುವುದು ರೈಲು ಹಳಿ. ಯಾವುದೇ ಮಾರ್ಗದರ್ಶಿಯನ್ನು ಇಳಿಸಿಕೊಳ್ಳುವಾಗ ಅದನ್ನು ಯಾವಾಗ ಮುದ್ರಿಸಿದ್ದು, ಕೊನೆಯ ಬಾರಿ ಯಾವಾಗ ತಿದ್ದಿದ್ದು ಎಂದು ಮೊದಲು ನೋಡಬೇಕಾದದ್ದು ಇದಕ್ಕಾಗಿಯೇ. ಮೈಸೂರಿನಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ಕು ಜೀವ ಹೋಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಭಾಗ ಬಿದ್ದಿತು. ಅದಕ್ಕೂ ಮುಂಚಿನ ದನಿ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಿಗೆ ಒಮ್ಮೆ ಹೋಗಿಬನ್ನಿ ಎಂದು ಈಗಲೂ ಕರೆಯುತ್ತಿದ್ದರೆ ಕೇಳುವವರಿಗೆ ಸಂಕಟವಾಗುತ್ತದೆ.

ಮೈಸೂರಿನ ಮಾತು ಬಂದದ್ದರಿಂದ ಒಂದು ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ಅರಮನೆಯ ಉತ್ತರ ದಿಕ್ಕಿನ ಚಾಮರಾಜ ವೃತ್ತ, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ನಿಲ್ಲಿಸಿದ ದೊಡ್ಡ ಗಡಿಯಾರ, ದಿವಾನ್ ರಂಗಾಚಾರ್ಲು ಅವರ ಸ್ಮರಣೆಯ ಪುರಭವನ, ಕೆ.ಆರ್. ವೃತ್ತ ಇವೆಲ್ಲ ಒಂದರ ಮಗ್ಗುಲಿಗೆ ಒಂದಿವೆ. ಇಲ್ಲಿ ತಾನಾಗಿ ಮಾತನಾಡುವ ಮಾರ್ಗದರ್ಶಿಯ ವೃತ್ತಗಳು ಒಂದರ ಮೇಲೊಂದು ಬಿದ್ದು, ಪುರಭವನದ ಕಥೆ ನಡುವಿನಲ್ಲಿ ಕಡಿದು ಗಡಿಯಾರದ ಕಥೆ ಶುರುವಾಗುತ್ತದೆ. ಒತ್ತಾಗಿರುವ ತಾಣಗಳಿಗೆ ಸಂಖ್ಯೆ ಒತ್ತಿ ಕೇಳುವ ಹಳೆಯ ಕ್ರಮವೇ ಮೇಲು. ದೊಡ್ಡ ಗಡಿಯಾರದ ಕೆಳಗೆ ನಿಂತು, ಮುಖದ ಮೇಲಿನ ಅಂಕಿಗಳನ್ನು ಗಮನಿಸಿ, ಅವು ಕನ್ನಡದ ಅಂಕಿಗಳು ಎಂದು ಕೇಳಿಸಿಕೊಂಡು, ನೋಡಿ ತೃಪ್ತಿಯಾದ ಮೇಲೆ ಮುಂದಿನದನ್ನು ಒತ್ತಿದರಾಯಿತು. ತಾಣಗಳು ದೂರದೂರ ಇರುವ ಶ್ರೀರಂಗಪಟ್ಟಣದಂಥ ಊರಿಗೆ ಜಿಪಿಎಸ್ ಕ್ರಮ ಸರಿ.

ಸಾಧನದ ಮಾತು ಇಷ್ಟಾಯಿತು. ಇನ್ನು ಅದರೊಳಗಿನ ಕಥನ. ಫಲಕಗಳಿಗಿಂತ ಆಡಿಯೊ ಹೇಗೆ ಬೇರೆ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಒಬ್ಬ ಮನುಷ್ಯನದು. ಫಲಕ ತಾನು ನಿಂತ ಜಾಗದ ಸಂಗತಿಯನ್ನಷ್ಟೇ ಹೇಳಬಲ್ಲದು. ದನಿ ನಮ್ಮ ಜೊತೆಯಲ್ಲೇ ಬರುವುದರಿಂದ, ಬೆಳಿಗ್ಗೆ ಒಂದು ಕಡೆ ಕೇಳಿದ್ದನ್ನು ಮಧ್ಯಾಹ್ನ ಇನ್ನೊಂದು ಕಡೆ ನೆನಪಿಸಿ ಎರಡನ್ನೂ ಹೆಣೆಯಬಲ್ಲದು. ಬಂದೀಖಾನೆಗೆ ಹೆಸರು ಕೊಟ್ಟ ವಿಲಿಯಂ ಬೈಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಅವನ ದಂಡನ್ನು ಸೋಲಿಸಿತು. ಸೆರೆ ಸಿಕ್ಕಿದ ಬೈಲಿ 1782ರಲ್ಲಿ ಇದೇ ಪಟ್ಟಣದಲ್ಲಿ ಕೈದಿಯಾಗಿಯೇ ತೀರಿಕೊಂಡ. ಬಂದೀಖಾನೆಯ ಬಳಿ ಇಷ್ಟು ಕೇಳಿಸಿಕೊಂಡು ಕೋಟೆಯಿಂದ ಹೊರಬಿದ್ದು ಪೂರ್ವಕ್ಕೆ ನಡೆದರೆ ದರಿಯಾ ದೌಲತ್ ಬಾಗ್ ಬರುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ತುಂಬ ಅದೇ ಪೊಲ್ಲಿಲೂರು ಯುದ್ಧದ ಚಿತ್ರವಿದೆ.

ಇಲ್ಲಿ ದನಿಗೆ ಒಂದು ಸೂಕ್ಷ್ಮ ಕೆಲಸವಿದೆ. ಬಣ್ಣ ಮಾಸದಿರಲೆಂದು ಜಗಲಿಗೆ ಪರದೆ ಕಟ್ಟಿರುವುದರಿಂದ, ತೋಟದ ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಗೋಡೆ ಒಂದು ಕಂದು ಮಬ್ಬಾಗಿ ಕಾಣುತ್ತದೆ. ಹೆಚ್ಚಿನವರು ಆ ಮಬ್ಬನ್ನೇ ನೋಡಿ ಮುಂದೆ ಹೋಗುತ್ತಾರೆ. ಒಳ್ಳೆಯ ಮಾರ್ಗದರ್ಶಿ ಆಗ ಚಿತ್ರದ ಬಗ್ಗೆ ಏನೂ ಹೇಳದೆ, ಒಂದು ನಿಮಿಷ ಪೊಲ್ಲಿಲೂರು ಎಲ್ಲಿದೆ, ಯಾರು ಯಾರ ಮೇಲೆ ಹೋದರು ಎಂದು ಮಾತನಾಡುತ್ತದೆ. ಅಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ, ಸಾಲು ಸಾಲು ಕುದುರೆಗಳು ಗೋಡೆಯಿಂದ ಎದ್ದು ಬರುತ್ತವೆ. ಆಮೇಲೆ ದನಿ ಹೇಳುತ್ತದೆ: ಕೆಂಪು ಅಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿರುವುದನ್ನು ಹುಡುಕಿ, ಅವರ ನಡುವೆ ಪಲ್ಲಕ್ಕಿಯಲ್ಲಿ ಕುಳಿತವನೇ ಬೈಲಿ, ಅಲ್ಲೇ ಹತ್ತಿರ ಹೊತ್ತಿ ಸಿಡಿಯುತ್ತಿರುವುದು ಅವರ ಮದ್ದಿನ ಬಂಡಿ. ಒಂದೆರಡು ಗಂಟೆಯ ಹಿಂದೆ ಯಾವನ ಬಂದೀಖಾನೆಯಲ್ಲಿ ನಿಂತಿದ್ದೆವೋ ಅವನ ಮುಖ ಇಲ್ಲಿ ಗೋಡೆಯ ಮೇಲಿದೆ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ ಅವರು ಆ ಪಲ್ಲಕ್ಕಿಯನ್ನು ನನಗಿಂತ ಮೊದಲು ಹುಡುಕಿ ತೋರಿಸಿದರು, ಆಮೇಲೆ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಇನ್ನೂ ಪೂರ್ವಕ್ಕೆ, ಹೈದರಾಲಿ, ಟಿಪ್ಪುವಿನ ತಾಯಿ ಫಕ್ರುನ್ನೀಸಾ ಮತ್ತು ಟಿಪ್ಪು ಮೂವರ ಸಮಾಧಿಗಳಿರುವ ಗುಂಬಜ್‌ನ ಬಳಿಯಲ್ಲೇ ಬೈಲಿಯ ನೆನಪಿಗೆ ಅವನ ಸಂಬಂಧಿಕ 1816ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ಗೆದ್ದವರೂ ಸೋತವರೂ ಹೀಗೆ ಒಂದೇ ತೋಟದ ನೆರೆಯಲ್ಲಿದ್ದಾರೆ. ಮತ್ತೊಂದು ಎಳೆಯೂ ಇದೆ. ಪೊಲ್ಲಿಲೂರಿನಲ್ಲಿ ಬೈಲಿಯ ಜೊತೆ ಸೆರೆಯಾದವರಲ್ಲಿ ಡೇವಿಡ್ ಬೇರ್ಡ್ ಎಂಬ ಯುವ ಅಧಿಕಾರಿಯೂ ಇದ್ದ. 1784ರವರೆಗೆ ಇದೇ ಪಟ್ಟಣದ ಸೆರೆಯಲ್ಲಿದ್ದು ಬಿಡುಗಡೆಯಾದ ಅವನೇ, 1799ರ ಮೇ 4ರ ಮಧ್ಯಾಹ್ನ ಕೋಟೆಯ ಒಡಕಿನ ಮೂಲಕ ನುಗ್ಗಿದ ಕಂಪನಿಯ ದಂಡಿನ ಮುಂದಾಳು. ಬಂದೀಖಾನೆ, ಗೋಡೆಚಿತ್ರ, ಕೋಟೆಯ ಒಡಕು, ಗುಂಬಜ್ ಬಳಿಯ ಸ್ಮಾರಕ ಈ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಿದವರಿಗೆ ನಾಲ್ಕು ತಾಣಗಳು ಸಿಗುತ್ತವೆ. ಎಳೆ ಹಿಡಿದು ನಡೆದವರಿಗೆ 1780ರಿಂದ 1816ರವರೆಗಿನ ಒಂದು ಇಡೀ ಕಾಲ ಸಿಗುತ್ತದೆ.

ಹೀಗೆಂದು ಊರನ್ನೆಲ್ಲ ಯುದ್ಧದ ಕಥೆಗೇ ಕಟ್ಟಿಹಾಕಬಾರದು. ಬಹಳಷ್ಟು ಮಾರ್ಗದರ್ಶಿಗಳು ಇಲ್ಲಿ ಎಡವುತ್ತವೆ. ರಂಗನಾಥಸ್ವಾಮಿಯ ದೇವಸ್ಥಾನದ ಇತಿಹಾಸ ಗಂಗರ ಕಾಲಕ್ಕೆ, ಒಂಬತ್ತನೆಯ ಶತಮಾನಕ್ಕೆ ಹೋಗುತ್ತದೆ. ಹೊಯ್ಸಳರು, ವಿಜಯನಗರದವರು ಅದನ್ನು ಬೆಳೆಸಿದರು. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗಗಳಿಗೆ ಮೊದಲು ಬರುವ ಆದಿರಂಗ ಇದು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಮಾಡಿಕೊಂಡು ರಾಜಧಾನಿಯನ್ನು ಇಲ್ಲಿಗೆ ತಂದರು. ಇಂದು ಮೈಸೂರಿನ ಹೆಸರಿನೊಂದಿಗೆ ಬೆಸೆದುಹೋದ ದಸರಾ ಆ ವರ್ಷ ಆರಂಭವಾದದ್ದು ಈ ಕೋಟೆಯೊಳಗೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ಹೊಳೆಯಲ್ಲಿ ಇವತ್ತಿಗೂ ನಿಂತಿವೆ. ಇಂಥ ಊರಿನ ಬಗ್ಗೆ ಮಾತನಾಡುವ ದನಿ ತಾನು ಯಾರ ಬರಹವನ್ನು ಆಧರಿಸಿ ಮಾತನಾಡುತ್ತಿದ್ದೇನೆ ಎಂದು ಹೇಳಬೇಕು. ಪೊಲ್ಲಿಲೂರಿನ ಚಿತ್ರ ಗೆದ್ದವರು ಬರೆಸಿದ್ದು, ಆಮೇಲೆ ಬ್ರಿಟಿಷರ ಆಡಳಿತದಲ್ಲಿ ದುರಸ್ತಿಯಾದದ್ದು; ಬಂದೀಖಾನೆಯ ಕಷ್ಟಗಳ ವಿವರ ಅಲ್ಲಿದ್ದು ಬದುಕಿ ಬಂದ ಬ್ರಿಟಿಷರು ಬರೆದದ್ದು. ಇದನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಸಾಕು, ತೂಗಿ ನೋಡುವ ಕೆಲಸವನ್ನು ಕೇಳುಗರು ತಾವೇ ಮಾಡಿಕೊಳ್ಳುತ್ತಾರೆ. ದನಿ ಏರಿಸಿ, ಹಿನ್ನೆಲೆ ಸಂಗೀತ ತುಂಬಿ, ಒಬ್ಬನನ್ನು ದೇವರನ್ನಾಗಿಯೋ ರಾಕ್ಷಸನನ್ನಾಗಿಯೋ ಮಾಡುವ ಮುದ್ರಿಕೆಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಮನೆಯವರಿಗೋ ಶಾಲೆಯ ಮಕ್ಕಳಿಗೋ ಸ್ವತಃ ಒಂದು ಮಾರ್ಗದರ್ಶಿ ಮಾಡಬೇಕೆನ್ನುವವರು ಕೆಲವು ಲೆಕ್ಕಗಳನ್ನು ಇಟ್ಟುಕೊಂಡರೆ ಅನುಕೂಲ. ಆರಾಮವಾಗಿ ನಡೆಯುವವರು ನಿಮಿಷಕ್ಕೆ 60 ಮೀಟರ್ ಹೋಗುತ್ತಾರೆ. ಎರಡು ತಾಣಗಳ ನಡುವೆ 300 ಮೀಟರ್ ಇದ್ದರೆ 5 ನಿಮಿಷದ ನಡಿಗೆ. ಅದರಲ್ಲಿ ಎರಡು ನಿಮಿಷ ಮಾತು, ಉಳಿದದ್ದು ಮೌನ. ತಾಣದ ಮುಂದೆ ನಿಂತು ಕೇಳುವ ತುಣುಕು ಎರಡು ನಿಮಿಷ ದಾಟಿದರೆ ಬಿಸಿಲಿನಲ್ಲಿ ನಿಂತವರಿಗೆ ಗಮನ ನಿಲ್ಲುವುದಿಲ್ಲ. ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು ಹಿಡಿಸುತ್ತದೆ, ಹಾಗಾಗಿ ಒಂದು ತಾಣಕ್ಕೆ ಇನ್ನೂರು ಪದ. ಓದುವ ಕನ್ನಡ ಬೇರೆ, ಕೇಳುವ ಕನ್ನಡ ಬೇರೆ. ಪುಸ್ತಕದಲ್ಲಿ ಉದ್ದ ವಾಕ್ಯವನ್ನು ಹಿಂತಿರುಗಿ ಓದಬಹುದು. ಕಿವಿಗೆ ಬಿದ್ದ ವಾಕ್ಯ ಹಿಂತಿರುಗಿ ಬರುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ, ಮೊದಲು ವಸ್ತುವನ್ನು ತೋರಿಸಿ, ಆಮೇಲೆ ಅದರ ಸಂಗತಿ ಹೇಳಿ, ವಾಕ್ಯವನ್ನು ಬೇಗ ಮುಗಿಸುವುದು ಅಗತ್ಯ. ಇಸವಿಗಳನ್ನೂ ಹಾಗೆಯೇ ಅಳೆದು ಬಳಸಬೇಕು, ಒಂದು ತುಣುಕಿಗೆ ಒಂದು ಅಥವಾ ಎರಡು. ಬತೇರಿ, ಕಂದಕ, ದಿಡ್ಡಿ ಬಾಗಿಲು, ಮದ್ದಿನಮನೆ ಎಂದು ಜನ ಆಡುವ ಪದಗಳಿರುವಾಗ ಭಾಷಾಂತರದ ಪದಗಳನ್ನು ಹುಡುಕಬೇಕಾಗಿಲ್ಲ.

ಮುದ್ರಣವನ್ನು ಮೊನೊದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ ಬರುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ಇದು ಚಿಕ್ಕ ವಿಷಯವೆನಿಸಬಹುದು. ಆದರೆ ನಮ್ಮಲ್ಲಿ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಕೇಳುವುದೇ ಹೆಚ್ಚು. ಎಡ ಬಲ ಬೇರೆ ಬೇರೆ ಧ್ವನಿ ಇದ್ದರೆ ಒಬ್ಬರಿಗೆ ಅರ್ಧ ಕಥೆ ತಪ್ಪಿಹೋಗುತ್ತದೆ. ಮಾತಿನ ಮೊನೊ ಕಡತಕ್ಕೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಆ ಲೆಕ್ಕದಲ್ಲಿ ಒಂದು ಗಂಟೆಯ ಮಾರ್ಗದರ್ಶಿ 30 ಎಂಬಿಗಿಂತ ಕಡಿಮೆ ಜಾಗ ಹಿಡಿಯುತ್ತದೆ, ವಾಟ್ಸ್‌ಆ್ಯಪ್‌ನಲ್ಲೇ ಊರ ನೆಂಟರಿಗೆ ಕಳಿಸಬಹುದು.

ಹೊರಡುವ ಮುನ್ನ ನೋಡಿಕೊಳ್ಳಬೇಕಾದವು ಹೆಚ್ಚಿಲ್ಲ. ಬ್ಯಾಟರಿ ಉಳಿಸುವ ಆಯ್ಕೆ ಚಾಲೂ ಇದ್ದರೆ, ಪರದೆ ಆರಿದ ಕೂಡಲೇ ಹಲವು ಫೋನುಗಳು ಆ್ಯಪನ್ನು ಮಲಗಿಸಿಬಿಡುತ್ತವೆ, ತಾಣ ಬಂದರೂ ದನಿ ಏಳುವುದಿಲ್ಲ. ಮಾರ್ಗದರ್ಶಿಯ ಆ್ಯಪಿಗಷ್ಟೇ ಅದರಿಂದ ವಿನಾಯಿತಿ ಕೊಟ್ಟಿರಬೇಕು. ಇರುವ ಜಾಗ ತಿಳಿಯುವ ಅನುಮತಿಯನ್ನು ಆ್ಯಪ್ ಬಳಸುವಾಗ ಮಾತ್ರ ಎಂದು ಕೊಟ್ಟರೆ ಸಾಕು, ಸದಾಕಾಲ ಎಂದು ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮೈಸೂರಿನಿಂದ ರೈಲಿನಲ್ಲಿ ಬಂದವರು ಕೋಟೆಯೊಳಗೇ ಇಳಿಯುವುದರಿಂದ ಅಲ್ಲಿಂದ ನಡಿಗೆ ಸುಲಭ, ಆದರೆ ದರಿಯಾ ದೌಲತ್, ಗುಂಬಜ್, ಸಂಗಮದ ದಾರಿಯಲ್ಲಿ ಟೆಂಪೊ, ಬಸ್ಸುಗಳ ಓಡಾಟ ಬಹಳ. ರಸ್ತೆಯಲ್ಲಿ ಒಂದು ಕಿವಿಯನ್ನು ಖಾಲಿ ಬಿಟ್ಟುಕೊಂಡೇ ನಡೆಯಬೇಕು. ದೇವಸ್ಥಾನ, ಮಸೀದಿ, ಗುಂಬಜ್‌ಗಳ ಒಳಗೆ ಇಯರ್‌ಫೋನ್ ತೆಗೆದಿಡುವುದು ಮರ್ಯಾದೆ; ಅಲ್ಲಿ ಪ್ರಾರ್ಥನೆಗೆ ಬಂದವರಿಗೆ ಅದು ವಸ್ತುಸಂಗ್ರಹಾಲಯವಲ್ಲ. ಗುಂಪಿನಲ್ಲಿ ಹೋದವರು ಫೋನಿನ ಸ್ಪೀಕರ್ ಜೋರಾಗಿ ಹಾಕುವುದಕ್ಕಿಂತ, ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೆ ಒತ್ತಿದರೆ ಕಥೆಯೂ ಒಟ್ಟಿಗೇ ಸಾಗುತ್ತದೆ.

ಋತುವಿನ ಬಗ್ಗೆ ಒಂದು ಮಾತು ಉಳಿದಿದೆ. ಕೋಟೆಯ ವಾಯವ್ಯದ ಮೂಲೆಯಲ್ಲಿ, 1799ರಲ್ಲಿ ಗೋಡೆ ಒಡೆದ ಕಡೆ, ಕೇಳಬೇಕಾದ ತುಣುಕು ಹೊಳೆಯ ನೀರಿನ ಮಟ್ಟವನ್ನೇ ಅವಲಂಬಿಸಿದೆ. ಮುಂಗಾರು ಬಂದು ಕಾವೇರಿ ತುಂಬಿದರೆ ಮುತ್ತಿಗೆ ಮುರಿದುಬೀಳುತ್ತದೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಕಂಪನಿಯ ಸೈನ್ಯ ಮೇ ಮೊದಲ ವಾರದಲ್ಲೇ ಬಂಡೆಗಳ ನಡುವೆ ನೀರಿಗಿಳಿದು ದಾಟಿದ್ದು ಅದಕ್ಕಾಗಿ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಆ ಬಂಡೆಗಳು ಎದುರಿಗೇ ಕಾಣುತ್ತವೆ, ಮಾತು ಹೆಚ್ಚು ಬೇಕಾಗುವುದಿಲ್ಲ. ಆದರೆ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮೇಲ್ಗಡೆಯಲ್ಲೇ ಇರುವುದರಿಂದ ಈಗ ಹೊಳೆಯ ಮಟ್ಟವನ್ನು ಮಳೆಗಿಂತ ಹೆಚ್ಚಾಗಿ ಕಟ್ಟೆಯ ತೂಬುಗಳು ನಿರ್ಧರಿಸುತ್ತವೆ. ನಾಲ್ಕು ಸಲ ಹೋದಾಗ ಎರಡು ಸಲ ನನಗೆ ಅಲ್ಲಿ ಬಂಡೆಗಳು ಕಾಣಲಿಲ್ಲ, ಕಂದು ಬಣ್ಣದ ನೀರು ದಂಡೆಯ ಹುಲ್ಲನ್ನು ಮುಟ್ಟಿಕೊಂಡು ಹರಿಯುತ್ತಿತ್ತು. ಅಂದಿನಿಂದ ಆ ಒಂದು ತಾಣಕ್ಕೆ ಮಾತ್ರ ಎರಡು ತುಣುಕುಗಳನ್ನು ಮುದ್ರಿಸಿಟ್ಟುಕೊಂಡಿದ್ದೇನೆ: ಬಂಡೆ ಕಾಣುವ ದಿನಕ್ಕೆ ಒಂದು, ಹೊಳೆ ತುಂಬಿದ ದಿನಕ್ಕೆ ಒಂದು.